ಹತ್ತು ಗ್ರಾಂ ಗ್ರೀಸ್ ಯಾರ ಕೆಲಸ?

ಬಾಯ್ಸ್ ಹಾಸ್ಟೆಲ್ ಹಿಂದೆ, ನೀರಿನ ಟ್ಯಾಂಕ್ ಪಕ್ಕದ ಶೆಡ್ಡಿನಲ್ಲಿ ಹಸಿರು ಬಣ್ಣದ ಮೆಷಿನ್ ಒಂದು ನಿಂತಿದೆ. ಫಸ್ಟ್ ಇಯರ್‌ನವರು ಅದನ್ನ ಹಳೇ ಜನರೇಟರ್ ಅಂದುಕೊಂಡಿದ್ದಾರೆ. ಅದು ವುಡ್ ಚಿಪ್ಪರ್. ಗುಲ್‌ಮೊಹರ್ ಕೊಂಬೆ, ತೆಂಗಿನ ಗರಿ, ಒಣಗಿದ ರೆಂಬೆ, ಏನು ತುರುಕಿದರೂ ಉಗುರಿನಷ್ಟು ಚೂರು ಮಾಡಿ ಆಚೆ ಉಗುಳುವ ಯಂತ್ರ. ಆ ಚೂರು ಗೊಬ್ಬರದ ಗುಂಡಿಗೆ ಹೋಗಬೇಕು, ಗಿಡಗಳ ಬುಡಕ್ಕೆ ಹೋಗಬೇಕು. ಎರಡು ತಿಂಗಳಿಂದ ಏನೂ ಹೋಗಿಲ್ಲ, ಯಾಕಂದ್ರೆ ಬೇರಿಂಗ್ ಹಿಡಿದುಕೊಂಡು ಮೆಷಿನ್ ನಿಂತಿದೆ. ಈಗ ಸಂಜೆ ಹೊತ್ತು ಹಾಸ್ಟೆಲ್ ಕಾರಿಡಾರ್‌ನಲ್ಲಿ ಬರೋ ಹೊಗೆ ವಾಸನೆ ಎಲ್ಲಿಂದ ಅಂತ ಕೇಳ್ತಾ ಇದ್ದೀರಲ್ಲ, ಅದು ಅಲ್ಲಿಂದಲೇ. ಚೂರಾಗದ ಕೊಂಬೆ, ಎಲೆ ಎಲ್ಲ ಕಾಂಪೌಂಡ್ ಮೂಲೆಯಲ್ಲಿ ಉರೀತಾ ಇದೆ. 'ಎಲೆ ಸುಡಬಾರದು' ಅನ್ನೋ ಬೋರ್ಡಿನಿಂದ ಸುಮಾರು ಇಪ್ಪತ್ತು ಹೆಜ್ಜೆ ದೂರದಲ್ಲಿ.

ಇಷ್ಟೇ ಆಗಿದ್ರೆ ನಾವು ಲೇಖನ ಬರೀತಿರಲಿಲ್ಲ. ಮೆಷಿನ್ ಯಾಕೆ ಕೆಟ್ಟಿತು ಅಂತ ಫೈಲಿನಲ್ಲಿ ಎರಡು ಪದ ಬರೆದು ಮುಗಿಸಿದ್ದಾರೆ: 'ಆಪರೇಟರ್ ನಿರ್ಲಕ್ಷ್ಯ'. ಆಪರೇಟರ್ ಅಂದ್ರೆ ನಮ್ಮ ಮಾಲಿ ಅಣ್ಣ. ಅವರು ಕಾಲೇಜಿನ ನೌಕರರಲ್ಲ, ಗುತ್ತಿಗೆಯವರು. ಆ ಎರಡು ಪದದ ಮೇಲೆ ಬೇರಿಂಗ್ ಖರ್ಚನ್ನ ಅವರ ಸಂಬಳದಲ್ಲಿ ಕಂತು ಕಂತಾಗಿ ಹಿಡೀತಿದ್ದಾರೆ. ಬರೆಯೋಕೆ ಮುಂಚೆ ಅವರನ್ನ ಕೇಳಿದ್ವಿ. "ಬರೀರಿ, ಆದ್ರೆ ನನ್ನ ಹೆಸರು ಬೇಡಪ್ಪ" ಅಂದರು. ಅದಕ್ಕೆ ಈ ಲೇಖನದಲ್ಲಿ ಅವರ ಹೆಸರಿಲ್ಲ.

ನಮ್ಮ ವಾದ ಸರಳ. ನಿರ್ಲಕ್ಷ್ಯ ಆಗಿದೆ, ಆದರೆ ಅವರದ್ದಲ್ಲ. ಇದನ್ನ ಕರುಣೆಯಿಂದ ಹೇಳ್ತಿಲ್ಲ, ಬೇರಿಂಗ್ ನೋಡಿ ಹೇಳ್ತಿದ್ದೀವಿ.

ವರ್ಕ್‌ಶಾಪ್‌ನ ಮೇಷ್ಟ್ರು ಮೆಷಿನ್ ಬಿಚ್ಚಿಸಿದಾಗ ನಾವು ಐದು ಜನ ಅಲ್ಲಿದ್ವಿ. ಮೂವರು ಮೆಕ್, ಒಬ್ಬ ಇಸಿ, ಒಬ್ಬಳು ಸಿಎಸ್. ಈ ಚಿಪ್ಪರ್‌ನಲ್ಲಿ ಒಂದು ದಪ್ಪ ಉಕ್ಕಿನ ಡಿಸ್ಕ್, ಅದರ ಮೇಲೆ ಬ್ಲೇಡ್‌ಗಳು, ಡಿಸ್ಕನ್ನು ಹೊತ್ತ ಶಾಫ್ಟ್, ಶಾಫ್ಟಿನ ಎರಡೂ ಬದಿಗೆ ಒಂದೊಂದು ಬೇರಿಂಗ್. ಎರಡೂ ಒಂದೇ ನಂಬರ್, 22210. ಈ ನಂಬರ್ ಓದೋದು ಸುಲಭ: ಕೊನೆಯ ಎರಡಂಕಿಯನ್ನ 5ರಿಂದ ಗುಣಿಸಿದರೆ ಶಾಫ್ಟ್ ಕೂರುವ ತೂತಿನ ವ್ಯಾಸ ಮಿಲಿಮೀಟರ್‌ನಲ್ಲಿ ಸಿಗುತ್ತೆ. ಇಲ್ಲಿ 50. ಹೊರವ್ಯಾಸ 90, ಅಗಲ 23. ಒಳಗೆ ಪೀಪಾಯಿ ಆಕಾರದ ರೋಲರ್‌ಗಳ ಎರಡು ಸಾಲು.

ಹೊರಗಿನ ಕಡೆ ಬೇರಿಂಗ್ ಬಿಚ್ಚಿದರೆ ಒಳಗೆ ಗ್ರೀಸ್ ಚೆನ್ನಾಗೇ ಇದೆ. ಸ್ವಲ್ಪ ಕಪ್ಪಾಗಿದೆ, ಆದರೆ ಮೆತ್ತಗೆ, ಬೆರಳಿಗೆ ಅಂಟುತ್ತೆ. ರೋಲರ್‌ಗಳು ಹೊಳೀತಿದ್ವು. ಬೆಲ್ಟ್ ಕಡೆಯದ್ದನ್ನ ಬಿಚ್ಚಿದಾಗ ಮೇಷ್ಟ್ರು ಏನೂ ಮಾತಾಡಲಿಲ್ಲ, ಸುಮ್ಮನೆ ನಮ್ಮ ಕೈಗೆ ಕೊಟ್ಟರು. ಒಳಗೆ ಇದ್ದದ್ದು ಗ್ರೀಸ್ ಅಲ್ಲ, ಒಲೆಯಲ್ಲಿ ಸೀದುಹೋದ ಮುದ್ದೆ ತಳದಂಥ ಕರಿ ಹೊಪ್ಪಳಿಕೆ. ರೋಲರ್‌ಗಳು ಕಂದು ನೀಲಿ ಬಣ್ಣಕ್ಕೆ ತಿರುಗಿದ್ವು. ಉಕ್ಕು ಆ ಬಣ್ಣಕ್ಕೆ ಬರಬೇಕಂದ್ರೆ ಇನ್ನೂರು ಡಿಗ್ರಿ ದಾಟಿ ಕಾದಿರಬೇಕು. ಎಣ್ಣೆ ಇಲ್ಲದೆ ಲೋಹ ಲೋಹಕ್ಕೆ ಉಜ್ಜಿದೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಈಗ ಯೋಚನೆ ಮಾಡಿ. ಒಂದೇ ಮೆಷಿನ್, ಒಂದೇ ಶಾಫ್ಟ್, ಒಬ್ಬರೇ ಆಪರೇಟರ್. ಅವರು ಸೋಮಾರಿ ಆಗಿದ್ರೆ ಎರಡೂ ಬೇರಿಂಗ್ ಒಣಗಬೇಕಿತ್ತು. ಒಂದು ಬದುಕಿದೆ, ಒಂದು ಸತ್ತಿದೆ. ಬೆಲ್ಟ್ ಕಡೆ ಭಾರ ಜಾಸ್ತಿ ಅನ್ನೋದು ನಿಜ, ಬೆಲ್ಟ್ ಎಳೆತ ಆ ಬೇರಿಂಗ್ ಮೇಲೇ ಬೀಳೋದು. ಆದರೆ ಭಾರ ಜಾಸ್ತಿ ಆದರೆ ಬೇರಿಂಗ್ ಸವೆದು ಚಕ್ಕೆ ಏಳುತ್ತೆ, ಗ್ರೀಸ್ ಮಾಯ ಆಗಲ್ಲ. ಗ್ರೀಸ್ ಎಲ್ಲಿ ಹೋಯ್ತು?

ಉತ್ತರ ಬೆಲ್ಟ್ ಗಾರ್ಡ್ ಕೆಳಗಿದೆ. ಹೊರಗಿನ ಬೇರಿಂಗ್‌ನ ಗ್ರೀಸ್ ನಿಪ್ಪಲ್ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ಬೆಲ್ಟ್ ಕಡೆಯದ್ದು ಮಾತ್ರ ತಗಡಿನ ಗಾರ್ಡ್ ಒಳಗೆ ಕೂತಿದೆ. ಅಲ್ಲಿಗೆ ಗ್ರೀಸ್ ಗನ್ ತಲುಪಬೇಕಂದ್ರೆ ಆರು ಬೋಲ್ಟ್ ಬಿಚ್ಚಬೇಕು, 17ನೇ ನಂಬರ್ ಸ್ಪ್ಯಾನರ್ ಬೇಕು. ಮಾಲಿ ಅಣ್ಣನ ಹತ್ತಿರ ಸ್ಪ್ಯಾನರ್ ಇಲ್ಲ, ಕೊಟ್ಟಿಲ್ಲ. ಅದಕ್ಕಿಂತ ದೊಡ್ಡ ತಮಾಷೆ ಅಂದ್ರೆ ಗಾರ್ಡ್ ಮೇಲೇ ಕೆಂಪಕ್ಷರದಲ್ಲಿ ಒಂದು ಸ್ಟಿಕ್ಕರ್ ಇದೆ: ಗಾರ್ಡ್ ಬಿಚ್ಚಬಾರದು. ಅವರು ಬಿಚ್ಚಲಿಲ್ಲ. ಹೇಳಿದ ಮಾತು ಕೇಳಿದರು. ಅದಕ್ಕೆ ಫೈಲಿನಲ್ಲಿ ನಾವು ಇಟ್ಟ ಹೆಸರು ನಿರ್ಲಕ್ಷ್ಯ.

ಈ ಮೆಷಿನ್ ಡಿಸೈನ್ ಮಾಡಿದವರು ಯಾರೋ ನಮಗೆ ಗೊತ್ತಿಲ್ಲ, ಆದರೆ ನಮ್ಮಂತೆಯೇ ಎಲ್ಲೋ ಓದಿದ ಎಂಜಿನಿಯರ್ ಅನ್ನೋದಂತೂ ಖಂಡಿತ. ಕ್ಯಾಡ್‌ನಲ್ಲಿ ಗಾರ್ಡ್ ಹಾಕಿದಾಗ ಚೆನ್ನಾಗಿ ಕಂಡಿರುತ್ತೆ. ಮೌಸ್ ಹಿಡಿದ ಕೈ ಒಂದು ದಿನ ಗ್ರೀಸ್ ಗನ್ ಹಿಡಿದಿದ್ರೆ ಆ ನಿಪ್ಪಲ್‌ಗೆ ಒಂದು ತಾಮ್ರದ ಪೈಪ್ ಜೋಡಿಸಿ ಗಾರ್ಡಿನಿಂದ ಆಚೆ ತರ್ತಿತ್ತು. ಒಂದಡಿ ಪೈಪು, ಎರಡು ಫಿಟ್ಟಿಂಗು. ಅಷ್ಟೇ.

ಇಲ್ಲಿ ನಮ್ಮ ಸಿಲಬಸ್ಸಿನ ಬಗ್ಗೆ ಒಂದು ಮಾತು. ಬೇರಿಂಗ್ ಲೈಫ್ ಸೂತ್ರ ಸೀನಿಯರ್ಸ್ ಎಲ್ಲರಿಗೂ ಬಾಯಿಪಾಠ. ಬೇರಿಂಗ್‌ನ ಸಾಮರ್ಥ್ಯವನ್ನ ಅದರ ಮೇಲಿನ ಭಾರದಿಂದ ಭಾಗಿಸಿ ಘಾತಕ್ಕೇರಿಸಿದರೆ ಆಯುಸ್ಸು ಬರುತ್ತೆ, ಹತ್ತು ಲಕ್ಷ ಸುತ್ತುಗಳ ಲೆಕ್ಕದಲ್ಲಿ. ಬಾಲ್ ಬೇರಿಂಗ್‌ಗೆ ಘಾತ 3, ರೋಲರ್‌ಗೆ 10/3. ಅಂದರೆ ರೋಲರ್ ಬೇರಿಂಗ್ ಮೇಲೆ ಭಾರ ಎರಡರಷ್ಟಾದರೆ ಆಯುಸ್ಸು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಆ ಆಯುಸ್ಸು ಕೂಡ ನೂರಕ್ಕೆ ತೊಂಬತ್ತು ಬೇರಿಂಗ್‌ಗಳು ದಾಟುವ ಗಡಿ ಮಾತ್ರ, ಉಳಿದ ಹತ್ತು ಅದಕ್ಕೂ ಮುಂಚೆ ಹೋಗಬಹುದು. ಒಳ್ಳೇ ಸೂತ್ರ, ಸುಂದರವಾದ ಸೂತ್ರ. ಅದರ ಹಿಂದಿರೋ ಸ್ವೀಡನ್ನಿನ ಅರ್ವಿಡ್ ಪಾಮ್‌ಗ್ರೆನ್ ಬಗ್ಗೆ ನಮಗೆ ಗೌರವ ಇದೆ. ನಮ್ಮ ಚಿಪ್ಪರ್‌ನಲ್ಲಿರೋ ಸ್ಫೆರಿಕಲ್ ರೋಲರ್ ಬೇರಿಂಗನ್ನ 1919ರಲ್ಲಿ ರೂಪಿಸಿದವರೂ ಅವರೇ. 1947ರಲ್ಲಿ ಲುಂಡ್‌ಬರ್ಗ್ ಜೊತೆ ಸೇರಿ ಆಯುಸ್ಸಿನ ಸಿದ್ಧಾಂತ ಕೊಟ್ಟವರೂ ಅವರೇ. ಆದರೆ ಪರೀಕ್ಷೆಗೆ ಬರೋ ಆ ಸೂತ್ರದಲ್ಲಿ ಗ್ರೀಸ್‌ಗೆ ಜಾಗ ಇಲ್ಲ. ಗ್ರೀಸ್ ಸರಿಯಾಗಿದೆ, ಧೂಳು ಒಳಗೆ ಹೋಗಿಲ್ಲ ಅಂತ ಅದು ಮೊದಲೇ ಒಪ್ಪಿಕೊಂಡು ಹೊರಡುತ್ತೆ. ಅದನ್ನ ಸರಿಪಡಿಸೋ ಅಂಶ ಐಎಸ್‌ಒ 281 ಅನ್ನೋ ಮಾನದಂಡದಲ್ಲಿದೆ, ಎಣ್ಣೆಯ ಸ್ನಿಗ್ಧತೆ ಎಷ್ಟು, ಕೊಳೆ ಎಷ್ಟು ಅಂತ ಅದು ಕೇಳುತ್ತೆ. ಪ್ರಶ್ನೆಪತ್ರಿಕೆ ಕೇಳಲ್ಲ.

ಅದಕ್ಕೂ ಹಿಂದಿನ ಕತೆ ಇನ್ನೂ ಚಂದ. 1907ರಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಅನ್ನೋ ಎಂಜಿನಿಯರ್ ತಾನಾಗಿ ಓರೆ ಹೊಂದಿಸಿಕೊಳ್ಳುವ ಬಾಲ್ ಬೇರಿಂಗ್ ಕಂಡುಹಿಡಿದರು. ಆಗ ಅವರು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಒಂದು ಬಟ್ಟೆ ಮಿಲ್ಲಿನಲ್ಲಿದ್ದರು. ಮಿಲ್ಲಿನ ಕೆಳಗೆ ಜೇಡಿಮಣ್ಣು, ನೆಲ ಕುಸೀತಿತ್ತು, ಉದ್ದನೆ ಶಾಫ್ಟ್‌ಗಳು ಓರೆ ಆಗ್ತಿದ್ವು, ಬೇರಿಂಗ್‌ಗಳು ಒಂದಾದ ಮೇಲೊಂದು ಹಾಳಾಗ್ತಿದ್ವು. ಅವರು ಪ್ರೊಫೆಸರ್ ಆಗಿರಲಿಲ್ಲ, ಮಿಲ್ಲಿನ ರಿಪೇರಿ ನೋಡಿಕೊಳ್ಳೋ ಮನುಷ್ಯ. ಬೇರಿಂಗ್ ಬದಲಾಯಿಸಿ ಬದಲಾಯಿಸಿ ಬೇಜಾರಾಗಿ ಹೊಸದೊಂದನ್ನ ಮಾಡಿದರು. ಅದರಿಂದ ಹುಟ್ಟಿದ ಕಂಪನಿಯೇ ಎಸ್‌ಕೆಎಫ್. ಮೇಂಟೆನೆನ್ಸ್ ಅಂದ್ರೆ ಮಾರ್ಕ್ಸ್ ಕಮ್ಮಿ ಬಂದವರ ಕೆಲಸ ಅಂತ ಅಂದುಕೊಂಡಿರೋ ನಮ್ಮ ಕ್ಲಾಸಿನ ಕೆಲವು ಮಹಾನುಭಾವರು ಈ ಪ್ಯಾರಾ ಇನ್ನೊಂದು ಸಲ ಓದಬೇಕಾಗಿ ವಿನಂತಿ.

"ಸರಿ ಕಣ್ರೋ, ಇದು 2ಜಿ ಕಾಲದ ಮಾತು, ಸೆನ್ಸರ್ ಹಾಕಿದ್ರೆ ಮುಗೀತು" ಅಂತ ನೀವು ಹೇಳ್ತೀರ, ಗೊತ್ತು. ಸೆನ್ಸರ್ ಹಾಕಿದ್ದಾರೆ! ಹೋದ ವರ್ಷದ ಒಂದು ಫೈನಲ್ ಇಯರ್ ಪ್ರಾಜೆಕ್ಟ್ ಇದೇ ಚಿಪ್ಪರ್ ಮೇಲೆ ಆಗಿದ್ದು. ಕಂಪನ ಅಳೆಯೋ ಚಿಪ್, ಉಷ್ಣತೆ ಅಳೆಯೋ ಪ್ರೋಬ್, ವೈಫೈ ಬೋರ್ಡ್, ಮೊಬೈಲಿನಲ್ಲಿ ಡ್ಯಾಶ್‌ಬೋರ್ಡ್. ಕೆಲಸ ಚೊಕ್ಕವಾಗಿದೆ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಸೆನ್ಸರ್ ಅಂಟಿಸಿದ್ದು ಯಾವ ಬೇರಿಂಗ್‌ಗೆ ಹೇಳಿ ನೋಡೋಣ. ಹೊರಗಿನದ್ದಕ್ಕೆ. ಯಾಕಂದ್ರೆ ಇನ್ನೊಂದು ಗಾರ್ಡ್ ಒಳಗಿತ್ತು. ಬೆಲ್ಟ್ ಕಡೆ ಬೇರಿಂಗ್ ಸುಟ್ಟು ಹಿಡಿದುಕೊಳ್ಳೋ ತನಕ ಡ್ಯಾಶ್‌ಬೋರ್ಡ್ ಹಸಿರಾಗೇ ಇತ್ತು.

ಕಂಪನ ನೋಡಿ ಬೇರಿಂಗ್ ಕಾಯಿಲೆ ಹೇಳೋದು ದೊಡ್ಡ ವಿದ್ಯೆ, ಸುಳ್ಳಲ್ಲ. ದೊಡ್ಡ ಕಾರ್ಖಾನೆಗಳು ಅದರ ಮೇಲೇ ನಡೀತವೆ. ಆದರೆ ಸೆನ್ಸರ್ ಕೂಗಿದ ಮೇಲೆ ಯಾರೋ ಒಬ್ಬರು ಎದ್ದು ಹೋಗಿ ಗ್ರೀಸ್ ಹೊಡೀಬೇಕಲ್ಲ? ಆ 'ಯಾರೋ ಒಬ್ಬರು' ಯಾರು, ಅವರ ಕೈಯಲ್ಲಿ ಗನ್ ಇದೆಯಾ, ಅದಕ್ಕೆ ಅವರಿಗೆ ಸಮಯ ಕೊಟ್ಟಿದ್ದೀವಾ ಅನ್ನೋ ಪ್ರಶ್ನೆಗೆ ಡ್ಯಾಶ್‌ಬೋರ್ಡಿನಲ್ಲಿ ಬಟನ್ ಇಲ್ಲ.

ಗ್ರೀಸ್ ಹೊಡೆಯೋದು ಬುದ್ಧಿ ಬೇಡದ ಕೆಲಸ ಅನ್ನೋದೂ ಸುಳ್ಳು. ಮೇಷ್ಟ್ರು ಒಂದು ಮಧ್ಯಾಹ್ನ ಕೂರಿಸಿ ಹೇಳಿಕೊಟ್ಟಿದ್ದು, ಒಂದು ಯೂನಿಟ್‌ಗೆ ಆಗೋಷ್ಟಿದೆ.

ಗ್ರೀಸ್ ಅಂದ್ರೆ ದಪ್ಪ ಎಣ್ಣೆ ಅಲ್ಲ. ಅದರಲ್ಲಿ ಬಹುಪಾಲು ಎಣ್ಣೆಯೇ, ಅದನ್ನ ಹಿಡಿದಿಡೋಕೆ ಸೋಪಿನಂಥ ಒಂದು ವಸ್ತು, ಹೆಚ್ಚಾಗಿ ಲಿಥಿಯಂ ಸೋಪು. ಸ್ಪಂಜು ನೀರು ಹಿಡಿದ ಹಾಗೆ ಅದು ಎಣ್ಣೆ ಹಿಡಿದು ಸ್ವಲ್ಪ ಸ್ವಲ್ಪ ಬಿಡ್ತಾ ಇರುತ್ತೆ. ರೋಲರ್‌ಗೂ ರಿಂಗ್‌ಗೂ ನಡುವೆ ಕೆಲಸ ಮಾಡೋ ಆ ಎಣ್ಣೆ ಪದರ ಒಂದು ಮೈಕ್ರಾನ್‌ಗಿಂತಲೂ ತೆಳ್ಳಗಿರಬಹುದು. ನಮ್ಮ ತಲೆಕೂದಲು ಅದರ ಮುಂದೆ ತೆಂಗಿನ ಮರ. ಚಿಪ್ಪರ್ ಸುತ್ತ ಹಾರಾಡೋ ಮರದ ಧೂಳಿನ ಒಂದು ಕಣವೂ ಆ ಪದರಕ್ಕಿಂತ ಎಷ್ಟೋ ಪಟ್ಟು ದಪ್ಪ. ಜೊತೆಗೆ ಮರದ ಹುಡಿ ಎಣ್ಣೆ ಕುಡಿಯುತ್ತೆ. ಸೀಲ್ ಹರಿದು ಹುಡಿ ಒಳಗೆ ಹೋದರೆ ಗ್ರೀಸ್ ಒಣಗಿ ಹಿಟ್ಟಾಗುತ್ತೆ. ಅದಕ್ಕೇ ಗನ್ ಹಚ್ಚೋಕೆ ಮುಂಚೆ ನಿಪ್ಪಲ್ ಒರೆಸಬೇಕು. ಒರೆಸದೆ ಹೊಡೆದರೆ ನಿಪ್ಪಲ್ ಮೇಲಿದ್ದ ಧೂಳನ್ನ ನಾವೇ ಒತ್ತಿ ಒಳಗೆ ಕಳಿಸಿದ ಹಾಗೆ. ಒಂದು ಬಟ್ಟೆ ಚೂರಿನ ಕೆಲಸ, ಬೇರಿಂಗ್ ಉಳಿಸೋ ಕೆಲಸ.

ಎಷ್ಟು ಹೊಡೀಬೇಕು? ಇದಕ್ಕೊಂದು ಲೆಕ್ಕ ಇದೆ, ಡೇಟಾ ಹ್ಯಾಂಡ್‌ಬುಕ್ ಹುಡುಕಬೇಕಾಗಿಲ್ಲ. ಹೊರವ್ಯಾಸ, ಅಗಲ ಎರಡನ್ನೂ ಮಿಲಿಮೀಟರ್‌ನಲ್ಲಿ ತಗೊಂಡು ಗುಣಿಸಿ, 0.005ರಿಂದ ಮತ್ತೆ ಗುಣಿಸಿದರೆ ಗ್ರಾಂ ಬರುತ್ತೆ. ನಮ್ಮದಕ್ಕೆ 90, 23. ಉತ್ತರ ಹತ್ತು ಗ್ರಾಂ ಮತ್ತು ಚೂರು. ಗನ್‌ನ ಒಂದು ಒತ್ತಿಗೆ ಎಷ್ಟು ಬರುತ್ತೆ ಅನ್ನೋದು ಗನ್‌ನಿಂದ ಗನ್‌ಗೆ ಬೇರೆ. ಕಾಗದದ ಮೇಲೆ ಹತ್ತು ಸಲ ಒತ್ತಿ, ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ತೂಗಿ, ಹತ್ತರಿಂದ ಭಾಗಿಸಿ. ನಮ್ಮ ವರ್ಕ್‌ಶಾಪ್ ಗನ್‌ಗೆ 1.2 ಗ್ರಾಂ ಬಂತು. ಅಂದ್ರೆ ಎಂಟೊಂಬತ್ತು ಒತ್ತು.

ಜಾಸ್ತಿ ಹೊಡೆದರೆ ಒಳ್ಳೇದಲ್ವಾ ಅಂತ ಸಿಎಸ್ ಗೆಳತಿ ಕೇಳಿದಳು. ಅಲ್ಲ. ಬೇರಿಂಗ್ ಒಳಗಿನ ಖಾಲಿ ಜಾಗದಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಗ್ರೀಸ್ ಇದ್ರೆ ಸಾಕು. ತುಂಬಿ ತುಳುಕಿದರೆ ರೋಲರ್‌ಗಳು ಅದನ್ನ ಕಡೀತಾ ಕೂರ್ತವೆ, ಮಜ್ಜಿಗೆ ಕಡೆದ ಹಾಗೆ. ಬೆಣ್ಣೆ ಬರಲ್ಲ, ಬಿಸಿ ಬರುತ್ತೆ. ಬಿಸಿಗೆ ಎಣ್ಣೆ ಬೇರೆಯಾಗಿ ಸೋರುತ್ತೆ, ಒತ್ತಡಕ್ಕೆ ಸೀಲ್ ಆಚೆ ಬರುತ್ತೆ, ಸೀಲ್ ಬಂದ ದಾರಿಯಲ್ಲಿ ಧೂಳು ಒಳಗೆ ಹೋಗುತ್ತೆ. 70 ಡಿಗ್ರಿಯಿಂದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸಿನ ಆಯುಸ್ಸು ಅರ್ಧಕ್ಕೆ ಇಳಿಯುತ್ತೆ ಅಂತ ಬೇರಿಂಗ್ ಕಂಪನಿಗಳೇ ಹೇಳ್ತವೆ. ಪಾಪ, ಪ್ರೀತಿಯಿಂದ ಜಾಸ್ತಿ ಉಣ್ಣಿಸಿದರೂ ಸಾಯೋ ಪ್ರಾಣಿ ಇದು.

ಬಣ್ಣ ನೋಡಿ ಗ್ರೀಸ್ ಆರಿಸೋದು ಇನ್ನೊಂದು ಕಾಯಿಲೆ. ನೀಲಿ ಒಳ್ಳೇದು, ಕೆಂಪು ಬಿಸಿಗೆ ಅಂತೆಲ್ಲ ಅಂಗಡಿಯಲ್ಲಿ ಹೇಳ್ತಾರೆ. ಬಣ್ಣ ಅಂದ್ರೆ ಬಣ್ಣ, ಬೆರೆಸಿದ್ದು ಅಷ್ಟೇ. ನೋಡಬೇಕಾದ್ದು ಯಾವ ಸೋಪು, ಎಷ್ಟು ಗಟ್ಟಿ, ಒಳಗಿನ ಎಣ್ಣೆ ಯಾವುದು ಅಂತ. ಲಿಥಿಯಂ ಗ್ರೀಸ್ ಇದ್ದ ಕಡೆ ಪಾಲಿಯೂರಿಯಾ ಗ್ರೀಸ್ ಹಾಕಿದರೆ ಸಾಮಾನ್ಯವಾಗಿ ಎರಡೂ ಸೇರಿ ತೆಳ್ಳಗಾಗಿ ಹರಿದುಹೋಗುತ್ತೆ. ಎರಡೂ ಒಳ್ಳೇವೇ, ಆದರೆ ಒಂದೇ ಮನೆಯಲ್ಲಿ ಹೊಂದಿಕೊಳ್ಳಲ್ಲ.

ಇನ್ನು ಬೇರಿಂಗ್ ಸಾಯೋಕೆ ಬರೀ ಗ್ರೀಸ್ ಕಾರಣ ಅಲ್ಲ. ಬ್ಲೇಡ್ ಮೊಂಡಾದರೆ ಕೊಂಬೆ ಕತ್ತರಿಸೋದಿಲ್ಲ, ಬಡಿಯುತ್ತೆ, ಆ ಬಡಿತ ಎಲ್ಲ ಬೇರಿಂಗ್ ಮೇಲೆ. ಒಂದೇ ಬ್ಲೇಡ್ ಬದಲಾಯಿಸಿ ಉಳಿದದ್ದನ್ನ ಹಳೇದೇ ಬಿಟ್ಟರೆ ಡಿಸ್ಕ್ ತೂಕ ಒಂದು ಕಡೆಗೆ ವಾಲಿ ಕುಣಿಯುತ್ತೆ. ಬೆಲ್ಟ್ ಜಾರ್ತಿದೆ ಅಂತ ವೀಣೆ ತಂತಿ ಹಾಗೆ ಬಿಗಿದರೆ ಅದೂ ಬೇರಿಂಗ್ ತಲೆ ಮೇಲೇ. ಮೆಷಿನ್ ತೊಳೀತೀವಿ ಅಂತ ಪ್ರೆಷರ್ ಪೈಪ್ ಸೀಲ್‌ಗೆ ಹಿಡಿದರೆ ನೀರು ಒಳಗೆ. ಇವೆಲ್ಲ ಮಾಲಿ ಅಣ್ಣನಿಗೆ ಗೊತ್ತು. "ಬ್ಲೇಡ್ ಸಾಣೆ ಹಿಡಿಸಿ ಅಂತ ಮೂರ್ ಸಲ ಹೇಳಿದೀನಿ, ಸದ್ದೇ ಬೇರೆ ಬರ್ತಿತ್ತು" ಅಂದರು. ಬಾಯಲ್ಲಿ ಹೇಳಿದ್ದರು. ಫೈಲಿಗೆ ಹೋಗೋದು ಬರೆದದ್ದು ಮಾತ್ರ, ಅದೂ ಇಂಗ್ಲಿಷಿನಲ್ಲಿ.

ಈಗ ನಮ್ಮ ಕನ್ನಡ ಸಂಘಕ್ಕೆ ಸಂಬಂಧಪಟ್ಟ ವಿಷಯಕ್ಕೆ ಬಂದ್ವಿ. ಚಿಪ್ಪರ್ ಮ್ಯಾನ್ಯುಯಲ್ ಎಲ್ಲಿತ್ತು ಗೊತ್ತಾ? ಆಫೀಸಿನ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಹರಿಯದೆ. ಅದರ ನಾಲ್ಕನೇ ಅಧ್ಯಾಯದಲ್ಲಿ ಸ್ಪಷ್ಟವಾಗಿ ಬರೆದಿದೆ: ಎರಡೂ ಬೇರಿಂಗ್‌ಗೆ ಪ್ರತಿ 25 ಗಂಟೆ ಓಡಿದ ಮೇಲೆ ಗ್ರೀಸ್, ಬೆಲ್ಟ್ ಕಡೆಯದ್ದಕ್ಕೆ ಮೆಷಿನ್ ಬಂದ್ ಮಾಡಿ, ಬೀಗ ಹಾಕಿ, ಗಾರ್ಡ್ ತೆಗೆದು. ಇಂಗ್ಲಿಷಿನಲ್ಲಿ. ಮೆಷಿನ್ ನಡೆಸೋರು ಕನ್ನಡ ಚೆನ್ನಾಗಿ ಓದ್ತಾರೆ, ದಿನಾ ಪೇಪರ್ ಓದ್ತಾರೆ, ನಮಗಿಂತ ವೇಗವಾಗಿ ಓದ್ತಾರೆ. ಇಂಗ್ಲಿಷ್ ಬರಲ್ಲ. ಅವರಿಗೆ ಗೊತ್ತಾಗಬೇಕಾದ ಒಂದು ಪುಟ ಅವರಿಗೆ ಬರೋ ಭಾಷೆಯಲ್ಲಿ ಇರಲಿಲ್ಲ, ಅದಕ್ಕೆ ದಂಡ ಕಟ್ತಿರೋದು ಅವರೇ.

ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವರು. ನವೆಂಬರ್ ಬಂದ್ರೆ ಹಳದಿ ಕೆಂಪು ಶಾಲು ಹಾಕಿ ಫೋಟೋ ತೆಗೆಸ್ತೀವಿ, ಡೊಳ್ಳು ಕುಣಿತ ಮಾಡಿಸ್ತೀವಿ, ರೀಲ್ಸ್ ಹಾಕ್ತೀವಿ. ಅದು ಬೇಡ ಅಂತಲ್ಲ, ಡೊಳ್ಳು ಕೇಳಿದ್ರೆ ನಮಗೂ ಕಾಲು ನಿಲ್ಲಲ್ಲ. ಆದರೆ ಒಂದು ಎಂಜಿನಿಯರಿಂಗ್ ಕಾಲೇಜಿನ ಕನ್ನಡ ಸಂಘಕ್ಕೆ ಒಂದು ಮೆಷಿನ್ ಮ್ಯಾನ್ಯುಯಲ್‌ನ ಕನ್ನಡ ಮಾಡೋಕೆ ಆಗಲ್ಲ ಅಂದ್ರೆ ಇನ್ನಾರಿಗೆ ಆಗುತ್ತೆ? ಅದೂ ದೊಡ್ಡ ದೊಡ್ಡ ಪದ ಬೇಡ. ಬೇರಿಂಗ್‌ಗೆ ನಾವು ಸಂಸ್ಕೃತದಲ್ಲಿ ಏನೋ ಒಂದು ಪದ ಕಟ್ಟಿ ಬರೆದರೆ ಮಾಲಿ ಅಣ್ಣ "ಇದ್ಯಾವುದಪ್ಪ ಹೊಸ ಪಾರ್ಟು" ಅಂತ ಕೇಳ್ತಾರೆ. ಅವರು ಬೇರಿಂಗ್ ಅಂತಾರೆ, ನಿಪ್ಪಲ್ ಅಂತಾರೆ, ಗನ್ ಅಂತಾರೆ. ಎತ್ತಿನ ಗಾಡಿ ಅಚ್ಚಿಗೆ ಹಾಕೋ ಎಣ್ಣೆಗೆ ಕೀಲೆಣ್ಣೆ ಅಂತ ಚಂದದ ಮಾತಿದೆ, ನಮ್ಮಲ್ಲೊಬ್ಬನಿಗೆ ಅದರ ಮೇಲೆ ಬಹಳ ಆಸೆ. ಇರಲಿ ಅಂತ ಶೀರ್ಷಿಕೆಯಲ್ಲಿ ಇಟ್ಟುಕೊಂಡಿದ್ದೀವಿ, ಒಳಗೆಲ್ಲ ಗ್ರೀಸೇ.

ನಾವು ಬರೆದ ಕಾರ್ಡ್ ಹೀಗಿದೆ. ಮಾಲಿ ಅಣ್ಣನಿಗೆ ಓದಿ ಹೇಳಿ, ಅವರು ಎರಡು ಕಡೆ ತಿದ್ದಿದ ಮೇಲಿನದ್ದು:

"ಕೀಲೆಣ್ಣೆ ಕಾರ್ಡ್. ಮೊದಲು ಸ್ವಿಚ್ ಆಫ್ ಮಾಡಿ. ಡಿಸ್ಕ್ ತುಂಬ ತೂಕ ಇದೆ, ಆಫ್ ಮಾಡಿದ ಮೇಲೂ ತುಂಬ ಹೊತ್ತು ತಿರುಗುತ್ತೆ. ಪೂರ್ತಿ ನಿಲ್ಲೋವರೆಗೆ ಕಾಯಿರಿ. ಮೇನ್ ಸ್ವಿಚ್‌ಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ. ಡಿಸ್ಕ್‌ಗೆ ತಡೆಪಿನ್ ಹಾಕಿ. ನಿಪ್ಪಲ್ ಒರೆಸಿ. ನಾಲ್ಕು ಒತ್ತು ಗ್ರೀಸ್ ಹೊಡೆಯಿರಿ. ಪಿನ್ ತೆಗೆದು, ಬ್ಲೇಡ್‌ಗೆ ಕೈ ತಾಕದ ಹಾಗೆ ಪುಲ್ಲಿ ಹಿಡಿದು ಎರಡು ಸುತ್ತು ತಿರುಗಿಸಿ. ಮತ್ತೆ ಪಿನ್ ಹಾಕಿ ಇನ್ನು ನಾಲ್ಕು ಒತ್ತು. ಹೊರಗೆ ಬಂದ ಹಳೇ ಗ್ರೀಸ್ ಒರೆಸಿ. ಗಾರ್ಡ್ ಹಾಕದೆ ಮೆಷಿನ್ ಹಾಕಬೇಡಿ. ದಿನಾಂಕ ಬರೆದು ಸಹಿ ಮಾಡಿ. ಸದ್ದು ಬೇರೆ ಬಂದ್ರೆ, ಮುಟ್ಟಿದರೆ ಕೈ ಇಡೋಕಾಗದಷ್ಟು ಬಿಸಿ ಆದ್ರೆ ಮೆಷಿನ್ ನಿಲ್ಲಿಸಿ. ನಿಲ್ಲಿಸಿದ್ದಕ್ಕೆ ಯಾರೂ ನಿಮ್ಮನ್ನ ಕೇಳೋ ಹಾಗಿಲ್ಲ."

ಕೊನೇ ಸಾಲು ಅವರೇ ಸೇರಿಸಿದ್ದು. ಅದಕ್ಕೆ ಆಫೀಸಿನವರ ಸಹಿ ಬೇಕು ಅಂತ ನಾವು ಪಟ್ಟು ಹಿಡಿದಿದ್ದೀವಿ. ಸಹಿ ಇಲ್ಲದಿದ್ರೆ ಆ ಸಾಲಿಗೆ ಬೆಲೆ ಇಲ್ಲ.

ನಮ್ಮಲ್ಲೊಬ್ಬನ ಮನೆ ಸಾಗರದ ಕಡೆ, ಅಡಿಕೆ ತೋಟ. ಅಲ್ಲೂ ಇಂಥದ್ದೇ ಚಿಕ್ಕ ಮೆಷಿನ್ ಇದೆ, ಸೋಗೆ ಚೂರು ಮಾಡಿ ಗೊಬ್ಬರಕ್ಕೆ ಹಾಕೋಕೆ. ಅದು ಏಳನೇ ವರ್ಷ ಓಡ್ತಾ ಇದೆ. ಅವನ ಅಪ್ಪ ಓದಿದ್ದು ಹತ್ತನೇ ಕ್ಲಾಸು. ಮಳೆಗಾಲಕ್ಕೆ ಮುಂಚೆ ಗ್ರೀಸ್ ಹೊಡೆದು, ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ, ಟಾರ್ಪಾಲು ಹೊದಿಸಿ ಇಡ್ತಾರಂತೆ. ತಿಂಗಳುಗಟ್ಟಲೆ ನಿಂತ ಬೇರಿಂಗ್‌ಗೆ ತೇವ ಸೇರಿ ತುಕ್ಕು ಹಿಡಿಯದಿರೋಕೆ ಮಾಡಬೇಕಾದ್ದು ಸರಿಯಾಗಿ ಅದೇ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಕೆಟ್ಟರೆ ದುಡ್ಡು ಅವರ ಜೇಬಿನದ್ದು, ಬೇರಿಂಗ್ ಅಂಗಡಿಗೆ ಬಸ್ ಹತ್ತಿ ಹೋಗಬೇಕಾದ್ದೂ ಅವರೇ. ನಮ್ಮ ಕ್ಯಾಂಪಸ್ ಮೆಷಿನ್‌ಗೆ ಅಂಥ ಯಜಮಾನರಿಲ್ಲ. ಕೊಂಡವರು ಬೇರೆ, ಬಿಲ್ ಪಾಸ್ ಮಾಡಿದವರು ಬೇರೆ, ಉದ್ಘಾಟನೆಗೆ ರಿಬ್ಬನ್ ಕತ್ತರಿಸಿದವರು ಬೇರೆ. ಆಯುಧಪೂಜೆ ದಿನ ಅದಕ್ಕೆ ಬಾಳೆಕಂದು ಕಟ್ಟಿ, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿ ಬಂದವರು ನಾವು ನೂರು ಜನ. ಕುಂಕುಮ ಸರಿಯಾಗಿ ಗ್ರೀಸ್ ನಿಪ್ಪಲ್ ತುದಿಗೇ ಹಚ್ಚಿದ್ದರು, ಹೋಗಿ ನೋಡಿ, ಇನ್ನೂ ಇದೆ. ಪೂಜೆ ಮಾಡೋಕೆ ಜಾಗ ಸರಿಯಾಗೇ ಗೊತ್ತಾಗಿದೆ ಪಾಪ.

ಪೂಜೆ ಬೇಡ ಅನ್ನಲ್ಲ. ಅದರ ಹಿಂದಿನ ದಿನ ಮೆಷಿನ್ ತೊಳೆದು ಒರೆಸೋ ಪದ್ಧತಿ ಇದೆಯಲ್ಲ, ಅದೇ ದಿನ ಕ್ಯಾಂಪಸ್ಸಿನ ಎಲ್ಲ ಪಂಪು, ಲೇತು, ಚಿಪ್ಪರ್‌ನ ಬೇರಿಂಗ್ ನೋಡಿದರೆ ಹಬ್ಬವೂ ಆಯ್ತು, ಕೆಲಸವೂ ಆಯ್ತು. ವರ್ಷಕ್ಕೊಂದು ಸಲ ಸಾಲದು, ಆದರೆ ಸೊನ್ನೆಗಿಂತ ವಾಸಿ.

ನಾವು ಕೇಳ್ತಿರೋದು ದೊಡ್ಡದಲ್ಲ. ಮೊದಲನೇದು, ಫೈಲಿನಿಂದ ಆ ಎರಡು ಪದ ತೆಗೀಬೇಕು, ಹಿಡಿದ ದುಡ್ಡು ವಾಪಸ್ ಕೊಡಬೇಕು. ಇದು ಬೇಡಿಕೆಗಳ ಪಟ್ಟಿಯಲ್ಲಿ ಒಂದಲ್ಲ, ಇದಾಗದೆ ಉಳಿದದ್ದಕ್ಕೆ ಅರ್ಥ ಇಲ್ಲ. ಎರಡೂ ಬೇರಿಂಗ್‌ನ ಫೋಟೋ, ಗಾರ್ಡ್ ಸ್ಟಿಕ್ಕರ್‌ನ ಫೋಟೋ, ಮ್ಯಾನ್ಯುಯಲ್‌ನ ಆ ಪುಟ, ಮೇಷ್ಟ್ರ ಟಿಪ್ಪಣಿ ಸೇರಿಸಿ ಪ್ರಿನ್ಸಿಪಾಲರಿಗೆ ಕೊಟ್ಟಿದ್ದೀವಿ, ನಲವತ್ತೊಂದು ಜನ ಸಹಿ ಹಾಕಿದ್ದಾರೆ. ನಿಪ್ಪಲ್ ಆಚೆ ತರೋ ಪೈಪನ್ನ ವರ್ಕ್‌ಶಾಪಿನಲ್ಲೇ ಮಾಡಬಹುದು, ಮೇಷ್ಟ್ರು ಒಪ್ಪಿದ್ದಾರೆ. ವಾರಕ್ಕೆ ಅರ್ಧ ಗಂಟೆ ಮಾಲಿ ಅಣ್ಣನಿಗೆ ಮೇಂಟೆನೆನ್ಸ್‌ಗೆ ಅಂತಲೇ ಸಮಯ ಬೇಕು, ಆ ಅರ್ಧ ಗಂಟೆಗೂ ಸಂಬಳ ಇರಬೇಕು, ಗನ್ನು ಸ್ಪ್ಯಾನರು ಅವರ ಹತ್ತಿರ ಇರಬೇಕು. ಕೆಲವು ನೂರು ರೂಪಾಯಿಯ ಒಂದು ಕೆಜಿ ಗ್ರೀಸ್ ಇದ್ರೆ ಎರಡು ಬೇರಿಂಗ್‌ಗೂ ಸೇರಿ ಐವತ್ತು ಸಲ ಆಗುತ್ತೆ.

"ವಿದ್ಯಾರ್ಥಿಗಳೇ ಮಾಡಿದ್ರೆ ಅವರ ಕೆಲಸ ಹೋಗಲ್ವಾ?" ಅಂತ ಒಬ್ಬರು ಕೇಳಿದರು. ಒಳ್ಳೇ ಪ್ರಶ್ನೆ. ಅವರ ಕೆಲಸ ನಾವು ಕಿತ್ತುಕೊಳ್ಳೋದಲ್ಲ, ಅವರಿಂದ ಕಲಿಯೋದು. ವರ್ಕ್‌ಶಾಪ್ ಲ್ಯಾಬಿನಲ್ಲಿ ಫಿಟ್ಟಿಂಗ್ ಜಾಬ್ ಅಂತ ಒಂದು ತಗಡಿನ ಚೌಕವನ್ನ ವಾರಗಟ್ಟಲೆ ಉಜ್ಜಿ, ಕೊನೆಗೆ ಹೋದ ಬ್ಯಾಚಿನವರ ಪೀಸ್‌ಗೆ ನಮ್ಮ ನಂಬರ್ ಹೊಡೆದು ಕೊಡೋ ಸಂಪ್ರದಾಯ ಎಲ್ಲರಿಗೂ ಗೊತ್ತಿರೋದೇ. ಅದರ ಬದಲು ಒಂದು ವಾರ, ಬ್ರಾಂಚ್ ಯಾವುದೇ ಇರಲಿ, ಒಂದು ಓಡೋ ಮೆಷಿನ್‌ನ ಬೇರಿಂಗ್ ಬಿಚ್ಚಿ, ತೊಳೆದು, ಗ್ರೀಸ್ ತುಂಬಿ, ಮತ್ತೆ ಓಡಿಸಿ ತೋರಿಸಲಿ. ಮಾರ್ಕ್ಸ್ ಕೊಡೋರಲ್ಲಿ ಆ ಮೆಷಿನ್ ನಡೆಸೋರೂ ಒಬ್ಬರಿರಲಿ. ಅವರು ಫೇಲ್ ಮಾಡಿದ್ರೆ ಫೇಲ್.

1966ರಲ್ಲಿ ಬ್ರಿಟನ್ ಸರ್ಕಾರಕ್ಕೆ ಪೀಟರ್ ಜೋಸ್ಟ್ ಅನ್ನೋರು ಒಂದು ವರದಿ ಕೊಟ್ಟರು. ಸವೆತ, ಘರ್ಷಣೆ, ಎಣ್ಣೆ ಹಾಕದಿರೋದರಿಂದ ದೇಶಕ್ಕೆ ಎಷ್ಟು ನಷ್ಟ ಅಂತ ಅದರಲ್ಲಿ ಲೆಕ್ಕ ಹಾಕಿದ್ದರು. 'ಟ್ರೈಬಾಲಜಿ' ಅನ್ನೋ ಪದ ಬಂದದ್ದು ಅಲ್ಲಿಂದ. ಗ್ರೀಕ್ ಭಾಷೆಯಲ್ಲಿ ಅದರ ಮೂಲ ಅರ್ಥ ಉಜ್ಜೋದು. ಈ ವಿಷಯದಲ್ಲಿ ಪಿಎಚ್‌ಡಿ ಮಾಡಿದವರು ನಮ್ಮ ಡಿಪಾರ್ಟ್‌ಮೆಂಟಿನಲ್ಲೇ ಇದ್ದಾರೆ. ಅವರ ಕ್ಯಾಬಿನ್‌ನಿಂದ ಆ ಶೆಡ್ಡಿಗೆ ನಡೆದರೆ ಆರು ನಿಮಿಷ, ನಾವು ನಡೆದು ನೋಡಿದ್ದೀವಿ. ಅವರನ್ನೂ ಕರೆದಿದ್ದೀವಿ, ಬರ್ತೀನಿ ಅಂದಿದ್ದಾರೆ.

ಹೊಸ ಬೇರಿಂಗ್ ಸ್ಟೋರ್ಸ್‌ಗೆ ಬಂದಿದೆ. ಅದರ ಕವರ್ ಯಾರೂ ಹರೀಬಾರದು ಅಂತ ಹೇಳಿಟ್ಟಿದ್ದೀವಿ. ಶಾಫ್ಟ್‌ಗೆ ಕೂರಿಸೋ ಹೊತ್ತಿಗೇ ಬಿಚ್ಚಬೇಕು, ಅಲ್ಲಿವರೆಗೆ ಧೂಳು ತಾಕಬಾರದು. ಈ ಶನಿವಾರ ಮಧ್ಯಾಹ್ನ ಮೂರಕ್ಕೆ ವರ್ಕ್‌ಶಾಪಿನಲ್ಲಿ ಮೇಷ್ಟ್ರು ಮತ್ತು ಮಾಲಿ ಅಣ್ಣ ಕೂರಿಸ್ತಾರೆ, ನಾವು ಕೈ ಹಾಕ್ತೀವಿ. ಬರೋರು ಶೂ ಹಾಕಿ ಬನ್ನಿ, ದುಪಟ್ಟಾ, ಐಡಿ ಕಾರ್ಡಿನ ದಾರ ಬಿಚ್ಚಿಟ್ಟು ಬನ್ನಿ. ಒರೆಸೋಕೆ ನಾರು ಬಿಡದ ಹಳೇ ಬನಿಯನ್ ಬಟ್ಟೆ ಇದ್ರೆ ತನ್ನಿ, ಒಗೆದದ್ದು. ಹಾಸ್ಟೆಲ್‌ನವರ ಹತ್ತಿರ ಹಳೇ ಬನಿಯನ್‌ಗೆ ಬರ ಇಲ್ಲ, ಒಗೆದದ್ದು ಸಿಗೋದೇ ಕಷ್ಟ.